ಓದುಗರ ಪ್ರಶ್ನೆ: ಹೆಗಲ ಮೇಲೆ ಹೊರುವ ದೋಣಿ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಬೌಂಡರಿ ವಾಟರ್ಸ್ ಕಾಡಿನ ಬಗ್ಗೆ ಬರೆದಿದ್ದೆ. 18 ಅಡಿ ಉದ್ದದ, 19 ಕಿಲೋ ತೂಕದ ಕನೂ ದೋಣಿಯನ್ನು ಒಬ್ಬರೇ ಹೆಗಲಿಗೆ ಹಾಕಿಕೊಂಡು ನಡೆಯುತ್ತಾರೆ ಅಂತ ಅದರಲ್ಲಿ ಒಂದು ಸಾಲು ಇತ್ತು. ಕಾಡಿನ ಬಗ್ಗೆ ಯಾರೂ ಕೇಳಲಿಲ್ಲ. ಬಂದ ಪ್ರಶ್ನೆಗಳೆಲ್ಲ ದೋಣಿಯದ್ದೇ. ನನಗೂ ಅದೇ ಇಷ್ಟದ ವಿಷಯ. ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಶೆಡ್ಡಿನಲ್ಲಿ ಬಟ್ಟೆ, ರೆಸಿನ್ (ಬಟ್ಟೆಗೆ ಹಾಕಿದರೆ ಗಟ್ಟಿಯಾಗುವ ಅಂಟು ದ್ರವ) ಕೆಲಸ ಕಲಿತವಳು ನಾನು. ಈಗ ಮಿನೆಸೋಟದ ಡುಲುತ್‌ನಲ್ಲಿ ಕನೂ ರಿಪೇರಿ ಮಾಡುತ್ತೇನೆ. ಆದ್ದರಿಂದ ಈ ತಿಂಗಳು ಪೂರ್ತಿ ದೋಣಿಯೇ.

ಗೊತ್ತಿಲ್ಲದವರಿಗೆ: ಕನೂ ಅಂದರೆ ಎರಡೂ ತುದಿ ಚೂಪಾಗಿರುವ, ಮೇಲೆ ಮುಚ್ಚಿಗೆ ಇಲ್ಲದ, ಉದ್ದನೆಯ ದೋಣಿ. ಒಂದೇ ಕಡೆ ಅಲಗಿರುವ ಹುಟ್ಟಿನಿಂದ ನಡೆಸುವುದು.

ಪ್ರಶ್ನೆ: ಹೋದ ಬೇಸಿಗೆ ಈಲಿ ಊರಿನಲ್ಲಿ ಅಲ್ಯುಮಿನಿಯಂ ಕನೂ ಬಾಡಿಗೆಗೆ ತಗೊಂಡು ನಾಲ್ಕು ದಿನ ಸುತ್ತಿದೆವು. ನನಗೆ 51, ಹೆಂಡತಿಗೆ 48, ಮಗಳಿಗೆ 9. ಎರಡನೇ ಪೋರ್ಟೇಜಿಗೇ ನನ್ನ ಕುತ್ತಿಗೆ ಹಿಡಿಯಿತು. ಈಗ ಸ್ವಂತದ್ದು ಕೊಳ್ಳೋಣ ಅಂತ ಅಂಗಡಿಗೆ ಹೋದರೆ, ಒಂದೇ ಮಾಡೆಲ್ ಕೆವ್ಲಾರ್, ಕಾರ್ಬನ್, ಫೈಬರ್‌ಗ್ಲಾಸ್ ಅಂತ ನಾಲ್ಕೈದು ಥರ ಇದೆ. ಅಂಗಡಿಯವರು ಕಾರ್ಬನ್ನೇ ತಗೊಳ್ಳಿ ಅಂತಾರೆ. ಏನು ಮಾಡಲಿ? (ಓದುಗರು, ಈಡನ್ ಪ್ರೇರಿ, ಮಿನೆಸೋಟ)

ಅಂಗಡಿಯವರು ಹಾಗೆ ಹೇಳದೆ ಇನ್ನೇನು ಹೇಳ್ತಾರೆ! ಕೆವ್ಲಾರ್, ಕಾರ್ಬನ್, ಗ್ಲಾಸ್ ಎಲ್ಲಾ ಎಳೆಯ ಬಟ್ಟೆಗಳು, ಅವನ್ನು ರೆಸಿನ್ನಿನಲ್ಲಿ ಗಟ್ಟಿ ಮಾಡಿದರೆ ದೋಣಿಯ ಮೈ ಆಗುತ್ತದೆ. ಕಾರ್ಬನ್ನಿನ ಮಾತು ಸ್ವಲ್ಪ ಆಚೆ ಇಡಿ. ಎಲ್ಲಿ ಓಡಿಸ್ತೀರಿ, ಯಾರು ಹೊರ್ತಾರೆ, ಈ ಎರಡನ್ನು ಮೊದಲು ತೀರ್ಮಾನಿಸಿ.

ನೀವು ಹೋಗುವುದು ಬೌಂಡರಿ ವಾಟರ್ಸ್‌ಗೆ. 11 ಲಕ್ಷ ಎಕರೆ ಕಾಡು, ಸಾವಿರಕ್ಕೂ ಹೆಚ್ಚು ಸರೋವರ, ಬಹುಪಾಲು ಕಡೆ ಮೋಟಾರು ನಿಷೇಧ. ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿಯನ್ನು ಹೊತ್ತು ದಾಟುವ ಕಾಲುದಾರಿಯೇ ಪೋರ್ಟೇಜ್. ಅದನ್ನು ಅಳೆಯುವುದು ರಾಡ್ ಲೆಕ್ಕದಲ್ಲಿ. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ, ಸುಮಾರು ಒಂದು ಕನೂ ಉದ್ದ. 320 ರಾಡ್ ಆದರೆ ಒಂದು ಮೈಲಿ. ನಕ್ಷೆಯಲ್ಲಿ 20 ರಾಡ್ ಅಂತಿದ್ದರೆ ನಗುತ್ತಾ ದಾಟಬಹುದು. 180 ರಾಡ್ ಅಂತಿದ್ದು, ಅದರಲ್ಲಿ ಅರ್ಧ ಕಲ್ಲಿನ ಏರು ಇದ್ದರೆ, ಪ್ರತಿ ಪೌಂಡಿನ ಬೆಲೆಯೂ ಹೆಗಲಿಗೆ ಗೊತ್ತಾಗುತ್ತದೆ.

ನೀವು ಹೊತ್ತಿದ್ದು ಬಹುಶಃ 17 ಅಡಿಯ ಅಲ್ಯುಮಿನಿಯಂ ಕನೂ. ಅದು ಸುಮಾರು 75 ಪೌಂಡ್, ಅಂದರೆ 34 ಕಿಲೋ. ತಮಾಷೆ ಅಂದರೆ, ಈ ಅಲ್ಯುಮಿನಿಯಂ ಕನೂ ಹುಟ್ಟಿದ್ದೇ ಭಾರ ತಾಳಲಾರದೆ. 1944ರಲ್ಲಿ ಗ್ರಮನ್ ವಿಮಾನ ಕಂಪನಿಯ ವಿಲಿಯಂ ಹಾಫ್‌ಮನ್ ಅನ್ನುವವರು ಮರ ಮತ್ತು ಕ್ಯಾನ್ವಾಸಿನ ಕನೂ ಹೊತ್ತು ಸುಸ್ತಾದರು. ನಾವು ವಿಮಾನಕ್ಕೆ ಬಡಿಯುವ ತಗಡಿನಲ್ಲೇ ಇದನ್ನು ಯಾಕೆ ಮಾಡಬಾರದು ಅಂತ ಯೋಚಿಸಿದರು. ಯುದ್ಧ ಮುಗಿದ ಮೇಲೆ ಅದೇ ಕಂಪನಿ ಕನೂ ಮಾರಲು ಶುರು ಮಾಡಿತು. ಅವತ್ತಿಗೆ ಅದೇ ಹಗುರ! ಇವತ್ತು ಅದೇ ನಿಮ್ಮ ಕುತ್ತಿಗೆ ಹಿಡಿಸಿದೆ.

ಈಗ ಲೆಕ್ಕ ಹಾಕಿ. ಮಿಸಿಸಿಪಿ ದಂಡೆಯ ವಿನೋನಾ ಊರಿನಲ್ಲಿ ವೆನೋನಾ ಕಂಪನಿ ಇದೆ. ಅವರ ‘ಮಿನೆಸೋಟ 2’ ಅನ್ನುವ ಮಾಡೆಲ್ ಹದಿನೆಂಟೂವರೆ ಅಡಿ ಉದ್ದ. ಕೆವ್ಲಾರಿನ ಅತಿ ಹಗುರ ಬಗೆಯಲ್ಲಿ ತಗೊಂಡರೆ 42 ಪೌಂಡಿನ ಆಸುಪಾಸು, 19 ಕಿಲೋ. ಅಲ್ಯುಮಿನಿಯಂಗಿಂತ ಉದ್ದವೂ ಜಾಸ್ತಿ, ತೂಕ 15 ಕಿಲೋ ಕಡಿಮೆ. ಈ 15 ಕಿಲೋಗೆ ದುಡ್ಡು ಕೊಡಿ, ಕಣ್ಣು ಮುಚ್ಚಿ ಕೊಡಿ. ಅದರಾಚೆ ಕಾರ್ಬನ್ ಹಾಕಿದರೆ ಇನ್ನು ಮೂರು ನಾಲ್ಕು ಪೌಂಡ್ ಇಳಿಯುತ್ತದೆ, ಬೆಲೆ ಮಾತ್ರ ಚೆನ್ನಾಗಿ ಏರುತ್ತದೆ. ಆ ನಾಲ್ಕು ಪೌಂಡನ್ನು ನಿಮ್ಮ ಚೀಲದಿಂದ ಇಳಿಸಿ. ಕಾಡಿಗೆ ಪ್ರೆಶರ್ ಕುಕ್ಕರ್ ಹೊತ್ತು ತರುವ ನಮ್ಮವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಉಪ್ಪಿನಕಾಯಿ ಗಾಜಿನ ಬಾಟಲಿಯನ್ನಂತೂ ಮನೆಯಲ್ಲೇ ಬಿಡಿ. ಅಲ್ಲಿ ತಿಂಡಿ, ಪಾನೀಯದ ಗಾಜಿನ ಬಾಟಲಿ, ತಗಡಿನ ಡಬ್ಬಿ ಒಯ್ಯುವ ಹಾಗೇ ಇಲ್ಲ.

ಇನ್ನು ಆಕಾರ. ಮೂವರು ಮತ್ತು ನಾಲ್ಕು ದಿನದ ಸಾಮಾನಿಗೆ 17ರಿಂದ ಹದಿನೆಂಟೂವರೆ ಅಡಿ ಬೇಕು. ತಳ ಪೂರ್ತಿ ಚಪ್ಪಟೆ ಇರುವುದನ್ನು ಅಂಗಡಿಯ ಕೆರೆಯಲ್ಲಿ ಹತ್ತಿದರೆ ನೆಲದ ಮೇಲೆ ನಿಂತ ಹಾಗೆ ಅನಿಸುತ್ತದೆ. ಗಾಳಿಗೆ ಅಲೆ ಎದ್ದ ದಿನ ಅದೇ ತಳ ಅಲೆಯ ಇಳಿಜಾರಿಗೆ ಅಂಟಿಕೊಂಡು ದೋಣಿಯನ್ನೇ ವಾಲಿಸುತ್ತದೆ. ಸ್ವಲ್ಪ ಬಾಗಿದ, ಕಮಾನಿನಂಥ ತಳ ಮೊದಲ ಐದು ನಿಮಿಷ ಅಲ್ಲಾಡುತ್ತದೆ. ನಿಮ್ಮ ಹೆಂಡತಿ “ಇದು ಬೇಡ” ಅಂತ ಖಂಡಿತ ಹೇಳ್ತಾರೆ. ಅರ್ಧ ಗಂಟೆ ಕೂತು ನೋಡಲು ಹೇಳಿ. ವಾಲಿದಷ್ಟೂ ಅದು ತಡೆದು ನಿಲ್ಲುತ್ತದೆ. ತಳದ ತುದಿಗಳು ಬಾಳೆಹಣ್ಣಿನ ಥರ ಜಾಸ್ತಿ ಮೇಲೆದ್ದಿರುವುದು ಹೊಳೆಯ ತಿರುವುಗಳಿಗೆ ಸರಿ. ಸರೋವರದಲ್ಲಿ ನೇರ ಹೋಗಬೇಕು, ಅದಕ್ಕೆ ಬೇಡ.

ದೋಣಿಗೆ ಅಂಟಿಸಿದ ಚೀಟಿಯಲ್ಲಿ ಇಷ್ಟು ಪೌಂಡ್ ತಡೆಯುತ್ತದೆ ಅಂತ ಬರೆದಿರುತ್ತದೆ. ಅದು ಸಾಮಾನ್ಯವಾಗಿ ನೀರಿನ ಮೇಲೆ ಆರು ಇಂಚು ಅಂಚು ಉಳಿಯುವವರೆಗೆ ತುಂಬಿದ ಲೆಕ್ಕ. ಅಷ್ಟು ತುಂಬಿದರೆ ಅದು ಎಮ್ಮೆಯೇ. ನಿಮ್ಮ ಮೂವರ ತೂಕ, ಚೀಲಗಳ ತೂಕ ಕೂಡಿಸಿ, ಅದು ಚೀಟಿಯ ಅಂಕಿಯ ಅರ್ಧದ ಹತ್ತಿರ ಇದ್ದರೆ ಒಳ್ಳೆಯದು.

ಕೊನೆಗೆ ನೊಗ. ದೋಣಿಯ ನಡುವೆ ಅಡ್ಡ ಇರುವ ಪಟ್ಟಿ, ಅದೇ ನಿಮ್ಮ ಹೆಗಲ ಮೇಲೆ ಕೂರುವುದು. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ದೋಣಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಅಲ್ಲಿಂದ ಬೋರಲು ಮಾಡಿ ಹೆಗಲಿಗೆ ಹಾಕಿ. ಹತ್ತು ನಿಮಿಷ ನಡೆಯಿರಿ. ಜನ ನೋಡಿದರೆ ನೋಡಲಿ. ಮುಂದಿನ ಮೂತಿ ಸ್ವಲ್ಪ ಮೇಲೆದ್ದು ನಿಂತರೆ ದಾರಿ ಕಾಣುತ್ತದೆ, ಅದು ಸರಿಯಾದ ತೂಗು. ಮೆತ್ತೆಗಳು ಕುತ್ತಿಗೆಯ ಎಲುಬಿಗೆ ತಾಗಿದರೆ ಅವನ್ನು ಆಚೀಚೆ ಸರಿಸಿ ಕೊಡಲು ಹೇಳಿ. ನಿಮ್ಮ ಕುತ್ತಿಗೆ ಹಿಡಿದದ್ದಕ್ಕೆ ತೂಕದಷ್ಟೇ ಇದೂ ಕಾರಣ ಇರಬಹುದು. ಬಾಡಿಗೆ ದೋಣಿಯ ನೊಗವನ್ನು ಯಾರೂ ಅವರವರ ಅಳತೆಗೆ ಸರಿಮಾಡಿ ಕೊಡುವುದಿಲ್ಲ.

ನನ್ನ ಉತ್ತರ: ಬಿಗಿಗಾಗಿ ತಳದೊಳಗೆ ಫೋಮ್ ಇರುವ ಅತಿ ಹಗುರ ಕೆವ್ಲಾರ್, ಅಲ್ಯುಮಿನಿಯಂ ಅಂಚುಪಟ್ಟಿ. ಹೊಸದಕ್ಕೆ 3000 ಡಾಲರ್ ದಾಟುತ್ತದೆ. ಅದಕ್ಕೆ ಮುಂಚೆ ಅದೇ ಮಾಡೆಲನ್ನು ಒಂದು ವಾರ ಬಾಡಿಗೆಗೆ ತಂದು ನೋಡಿ. ಮಿನೆಸೋಟದಲ್ಲಿ 10 ಅಡಿ ಮೀರಿದ ಕನೂಗೆ ನೋಂದಣಿ ಬೇಕು, ಮರೆಯಬೇಡಿ. 10 ವರ್ಷದೊಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ಕಡ್ಡಾಯ. ಮುಂದಿನ ವರ್ಷ ಮಗಳಿಗೆ 10 ತುಂಬಿತು ಅಂತ ಬಿಚ್ಚಿಸಬೇಡಿ. ನೀವೂ ಹಾಕಿಕೊಳ್ಳಿ.

ಪ್ರಶ್ನೆ: ಮೇಡಂ, ನಾನು ಮಲ್ಪೆಯಲ್ಲಿ ಫೈಬರ್ ದೋಣಿ ಕೆಲಸ ಮಾಡುವವ. ಮೋಲ್ಡಿಗೆ (ಅಚ್ಚಿಗೆ) ವ್ಯಾಕ್ಸ್ ಹಚ್ಚಿ, ಹೊರಮೈಗೆ ಬಣ್ಣದ ಜೆಲ್‌ಕೋಟ್ ಹೊಡೆದು, ಗಾಜಿನ ಎಳೆಯ ಮ್ಯಾಟ್ ಇಟ್ಟು, ರೆಸಿನ್ ಹಾಕಿ ರೋಲರ್ ಓಡಿಸುವುದು ನಮ್ಮ ಪದ್ಧತಿ. 18 ಅಡಿ ದೋಣಿ 19 ಕಿಲೋ ಅಂತ ನೀವು ಬರೆದದ್ದನ್ನು ಶೆಡ್ಡಿನಲ್ಲಿ ಓದಿ ಹೇಳಿದೆ. ಎಲ್ಲರೂ ನಕ್ಕರು. ಪ್ರಿಂಟ್ ತಪ್ಪಾ? ತಪ್ಪಲ್ಲ ಅಂದರೆ ಹೇಗೆ ಮಾಡ್ತಾರೆ? (ಓದುಗರು, ಮಲ್ಪೆ)

ಪ್ರಿಂಟ್ ಸರಿ ಇದೆ. ನಕ್ಕವರಿಗೂ ಇದನ್ನು ಓದಿ ಹೇಳಿ.

ನೀವು ಕೈಕೆಲಸದವರು, ಆದ್ದರಿಂದ ನೇರ ಗ್ರಾಮಿನ ಲೆಕ್ಕಕ್ಕೆ ಬರುತ್ತೇನೆ. 18 ಅಡಿ ಕನೂವಿನ ಮೈಯ ವಿಸ್ತೀರ್ಣ ಹೆಚ್ಚು ಕಡಿಮೆ 6 ಚದರ ಮೀಟರ್. ನೀವು ಬಳಸುವ 450 ಗ್ರಾಮಿನ ಮ್ಯಾಟ್ ತಗೊಳ್ಳಿ. ಅದರ ಎಳೆ ಚೂರುಚೂರು, ದಿಕ್ಕಿಲ್ಲದೆ ಬಿದ್ದಿರುತ್ತದೆ, ನಡುವೆ ಜಾಗ ಜಾಸ್ತಿ. ಆ ಜಾಗ ತುಂಬುವುದು ರೆಸಿನ್. ಕೆಲಸ ಮುಗಿದ ಮೇಲೆ ತೂಗಿದರೆ ಗ್ಲಾಸ್ ನೂರಕ್ಕೆ 30, ಉಳಿದದ್ದು ರೆಸಿನ್. ಅಂದರೆ ಚದರ ಮೀಟರಿಗೆ 450 ಗ್ರಾಂ ಮ್ಯಾಟ್ ಇಟ್ಟರೆ ಒಂದೂವರೆ ಕಿಲೋ ಆಗುತ್ತದೆ. ಮೂರು ಪದರಕ್ಕೆ ನಾಲ್ಕೂವರೆ ಕಿಲೋ. ಆರರಿಂದ ಗುಣಿಸಿ: 27 ಕಿಲೋ. ಜೆಲ್‌ಕೋಟ್ ಸೇರಿ 30. ಅಂಚುಪಟ್ಟಿ, ಸೀಟು ಹಾಕಿದರೆ 40ರ ಹತ್ತಿರ.

ಈಗ ಇಲ್ಲಿನ ಲೆಕ್ಕ. ನೇಯ್ದ ಕೆವ್ಲಾರ್ ಬಟ್ಟೆ, ಚದರ ಮೀಟರಿಗೆ 170 ಗ್ರಾಂ. ಎರಡು ಪದರ ಅಂದರೆ 340 ಗ್ರಾಂ. ರೆಸಿನ್ ಬಟ್ಟೆಯ ತೂಕದಷ್ಟೇ, ಅದೂ 340 ಗ್ರಾಂ. ಒಟ್ಟು 680. ಆರರಿಂದ ಗುಣಿಸಿದರೆ 4 ಕಿಲೋ ಚಿಲ್ಲರೆ! ತಳಕ್ಕೆ, ಮೂತಿಗಳಿಗೆ ಹೆಚ್ಚುವರಿ ತುಂಡು, ಫೋಮ್, ಪಕ್ಕೆಯ ಎಲುಬುಪಟ್ಟಿ ಎಲ್ಲಾ ಸೇರಿ ಬಾಡಿ 9–10 ಕಿಲೋ. ಅಂಚುಪಟ್ಟಿ, ಎರಡು ಸೀಟು, ನೊಗ, ಅಡ್ಡಪಟ್ಟಿ ಎಲ್ಲಾ ಇನ್ನೊಂದು 8–9 ಕಿಲೋ. ನೋಡಿ, 19ಕ್ಕೆ ಬಂತು.

ಎಲ್ಲರೂ ಕೆವ್ಲಾರ್ ಕೆವ್ಲಾರ್ ಅಂತ ಎಳೆಯ ಹೆಸರು ಜಪಿಸುತ್ತಾರೆ. ಕೆವ್ಲಾರ್ ಗ್ಲಾಸಿಗಿಂತ ಹಗುರ, ನಿಜ. ನೀರಿನದು 1 ಅಂದರೆ ಗ್ಲಾಸಿನ ಸಾಂದ್ರತೆ ಎರಡೂವರೆ, ಕೆವ್ಲಾರಿನದು 1.44. ಆದರೆ ನಿಮ್ಮ 27 ಕಿಲೋದಲ್ಲಿ ಗ್ಲಾಸ್ ಇರುವುದೇ 8 ಕಿಲೋ. ಮಿಕ್ಕ 19 ಕಿಲೋ ರೆಸಿನ್. ಇಲ್ಲಿ ಒಂದು ಪೂರ್ತಿ ಕನೂ ಎಷ್ಟು ತೂಗುತ್ತದೋ ಅಷ್ಟು ಬರೀ ರೆಸಿನ್ನನ್ನೇ ನೀವು ಹಾಕುತ್ತಿದ್ದೀರಿ. ಮೀನುಗಾರಿಕೆ ದೋಣಿಗೆ ಅದು ಸರಿ. ಅದು ಸಮುದ್ರದ ಹೊಡೆತ ತಿನ್ನಬೇಕು, ದಡದ ಮೇಲೆ ಎಳೆಸಿಕೊಳ್ಳಬೇಕು. ಕನೂಗೆ ಆ ಭಾರ ಬೇಡ.

ಹಾಗಾದರೆ ರೆಸಿನ್ ಕಡಿಮೆ ಮಾಡುವುದು ಹೇಗೆ? ಮೋಲ್ಡ್ ನಿಮ್ಮದರಂತೆಯೇ. ಒಂದೇ ವ್ಯತ್ಯಾಸ, ಕನೂವಿನ ಪಕ್ಕೆ ಮೇಲಕ್ಕೆ ಬರುತ್ತಾ ಒಳಗೆ ಬಾಗಿರುವುದರಿಂದ ಅನೇಕ ಮೋಲ್ಡುಗಳು ನಡುವೆ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತವೆ. ಇಲ್ಲದಿದ್ದರೆ ದೋಣಿ ಹೊರಗೆ ಬರುವುದಿಲ್ಲ. ವ್ಯಾಕ್ಸ್ ಆಯಿತು. ಆಮೇಲೆ ಅತಿ ಹಗುರ ಬಗೆಯಲ್ಲಿ ಬಣ್ಣದ ಜೆಲ್‌ಕೋಟೇ ಇಲ್ಲ. ತೆಳ್ಳಗೆ ಪಾರದರ್ಶಕ ರೆಸಿನ್ ಮಾತ್ರ. ಬರೀ ಇಷ್ಟರಲ್ಲೇ 3 ಕಿಲೋ ಉಳಿಯಿತು. ಅದಕ್ಕೇ ಆ ದೋಣಿಗಳು ಕೆವ್ಲಾರಿನದೇ ಚಿನ್ನದ ಬಣ್ಣದಲ್ಲಿ ಇರುವುದು.

ಬಟ್ಟೆ ಕತ್ತರಿಸುವುದೇ ಒಂದು ಶಿಕ್ಷೆ. ಸಾದಾ ಕತ್ತರಿ ಹಾಕಿದರೆ ಕೆವ್ಲಾರ್ ಎಳೆ ತುಂಡಾಗುವುದಿಲ್ಲ, ಬಾಯಿಯ ನಡುವೆ ಮಡಿಚಿಕೊಂಡು ಜಾರುತ್ತದೆ. ಅಲಗಿನಲ್ಲಿ ಸಣ್ಣ ಹಲ್ಲಿರುವ ಬೇರೆ ಕತ್ತರಿ ಬೇಕು. ನನ್ನ ಹತ್ತಿರ ಇರುವ ಅಂಥ ಕತ್ತರಿಯನ್ನು ಯಾರಾದರೂ ಕಾಗದ ಕತ್ತರಿಸಲು ಎತ್ತಿಕೊಂಡರೆ ನನ್ನ ಬಾಯಿಗೆ ಬಿದ್ದ ಹಾಗೇ. ಬಟ್ಟೆಯನ್ನು ಮೋಲ್ಡಿನೊಳಗೆ ಹಾಸಿ, ನಡುವಿನಿಂದ ಅಂಚಿಗೆ ಅಂಗೈಯಿಂದ ಸವರಿ ಸುಕ್ಕು ತೆಗೆಯುತ್ತಾರೆ. ರೆಸಿನ್ ಸಾಮಾನ್ಯವಾಗಿ ವೈನಿಲ್ ಎಸ್ಟರ್, ಕೆಲವರು ಎಪಾಕ್ಸಿ. ನಿಮ್ಮ ಪಾಲಿಯೆಸ್ಟರಿಗಿಂತ ಇವು ಬಾಗಿದರೂ ಬೇಗ ಬಿರಿಯುವುದಿಲ್ಲ. ಬಟ್ಟೆಯನ್ನೂ ಚೆನ್ನಾಗಿ ಹಿಡಿಯುತ್ತವೆ.

ರೆಸಿನ್ ಸುರಿದ ಮೇಲೆ ರೋಲರಿಗಿಂತ ರಬ್ಬರಿನ ಪಟ್ಟಿಯದ್ದೇ ಕೆಲಸ. ಎಳೆದು ಎಳೆದು ಹೆಚ್ಚಿನದ್ದನ್ನೆಲ್ಲ ಹೊರಗೆ ತಳ್ಳಬೇಕು. ಆಗ ಬಟ್ಟೆಯ ಮೇಲೆ ಹೊಳಪು ಹೋಗಿ ನೇಯ್ಗೆ ಎದ್ದು ಕಾಣುತ್ತದೆ. ಹೊಳೆಯುತ್ತಿದ್ದರೆ ಇನ್ನೂ ರೆಸಿನ್ ಜಾಸ್ತಿ ಇದೆ ಅಂತ. ಬಿಳಿ ಕಲೆ ಕಂಡರೆ ಅಲ್ಲಿ ನೆನೆದಿಲ್ಲ ಅಂತ. ಈ ಎರಡರ ನಡುವೆ ನಿಲ್ಲಿಸುವುದೇ ಕೈಚಳಕ.

ಅದರ ಮೇಲೆ ರೆಸಿನ್ನಿಗೆ ಅಂಟದ ನೈಲಾನ್ ಬಟ್ಟೆ, ಅದರ ಮೇಲೆ ರೆಸಿನ್ ಹೀರುವ ದಪ್ಪ ಬಟ್ಟೆ, ಎಲ್ಲದರ ಮೇಲೆ ಪ್ಲಾಸ್ಟಿಕ್ ಹಾಳೆ. ಸುತ್ತ ಅಂಟು ಟೇಪು ಹಾಕಿ ಮುಚ್ಚಿ, ಪಂಪಿನಿಂದ ಒಳಗಿನ ಗಾಳಿ ಎಳೆಯುತ್ತಾರೆ. ಹೊರಗಿನ ಗಾಳಿಯೇ ಆಗ ಒತ್ತುತ್ತದೆ. ಗಾಳಿ ಚೆನ್ನಾಗಿ ಎಳೆದರೆ ಚದರ ಮೀಟರಿಗೆ 9–10 ಟನ್ ಒತ್ತಡ. ಯಾವ ರೋಲರೂ ಅಷ್ಟು ಒತ್ತಲಾರದು. ಈ ಹೊತ್ತಿನಲ್ಲಿ ಶೆಡ್ಡಿನಲ್ಲಿ ರೇಡಿಯೊ ಆರಿಸುತ್ತಾರೆ. ಯಾಕೆಂದರೆ ಟೇಪಿನ ಉದ್ದಕ್ಕೂ ಕಿವಿ ಇಟ್ಟು ಕೇಳುತ್ತಾ ಹೋಗಬೇಕು. ಕೂದಲೆಳೆಯಷ್ಟು ಸಂದು ಇದ್ದರೂ ಸಣ್ಣಗೆ ‘ಸ್ಸ್’ ಅನ್ನುತ್ತದೆ. ಅಲ್ಲಿ ಹೆಬ್ಬೆರಳಿಟ್ಟು ಒತ್ತಬೇಕು. ರೆಸಿನ್ ಗಟ್ಟಿಯಾಗುವ ಮುಂಚೆ ಎಲ್ಲಾ ಸಂದು ಮುಚ್ಚದಿದ್ದರೆ ಆ ಜಾಗದಲ್ಲಿ ಗಾಳಿಗುಳ್ಳೆ ಕೂತುಬಿಡುತ್ತದೆ.

ಇನ್ನೊಂದು ಬಗೆಯೂ ಇದೆ. ಬಟ್ಟೆಯನ್ನು ಒಣಗಿದ್ದಾಗಲೇ ಹಾಸಿ, ಮೇಲೆ ಹಾಳೆ ಮುಚ್ಚಿ, ಮೊದಲು ಗಾಳಿ ಎಳೆದು, ಆಮೇಲೆ ಕೊಳವೆಯಿಂದ ರೆಸಿನ್ ಬಿಡುವುದು. ರೆಸಿನ್ ತಾನಾಗಿ ಹರಿದು ಬಟ್ಟೆಯನ್ನು ನೆನೆಸುತ್ತಾ ಹೋಗುತ್ತದೆ. ಇದಕ್ಕೆ ಇನ್‌ಫ್ಯೂಷನ್ ಅಂತಾರೆ. ಎಷ್ಟು ರೆಸಿನ್ ಹೋಯಿತು ಅಂತ ಪಕ್ಕಾ ಗೊತ್ತಾಗುತ್ತದೆ, ವಾಸನೆಯೂ ಕಡಿಮೆ. ಆದರೆ ಹರಿವಿನ ದಾರಿ ತಪ್ಪಿದರೆ ಒಂದು ಮೂಲೆ ಒಣಗಿಯೇ ಉಳಿಯುತ್ತದೆ, ಆಗ ಪೂರ್ತಿ ದೋಣಿ ತಿಪ್ಪೆಗೆ.

ಈಗ ನೀವು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಎರಡು ಪದರ ಕೆವ್ಲಾರ್ ಗಟ್ಟಿಯಾದರೆ ದಪ್ಪ ಬರೀ ಅರ್ಧ ಮಿಲಿಮೀಟರ್. ಹೆಬ್ಬೆರಳಿನಿಂದ ಒತ್ತಿದರೆ ತಗಡಿನ ಡಬ್ಬದ ಮುಚ್ಚಳದ ಹಾಗೆ ಟಪ್ ಅಂತ ಒಳಗೆ ಹೋಗುತ್ತದೆ. ಅಂಥದ್ದರಲ್ಲಿ ಕೂತರೆ ತಳ ಅಲೆಅಲೆಯಾಗಿ ಕುಣಿಯುತ್ತದೆ, ದೋಣಿ ನಿಧಾನವಾಗುತ್ತದೆ. ಅದಕ್ಕೆ ತಳದಲ್ಲಿ ಎರಡು ಪದರಗಳ ನಡುವೆ ಪಿವಿಸಿ ಫೋಮ್ ಹಾಳೆ ಇಡುತ್ತಾರೆ. ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟಾಗುತ್ತದೆ. ದಪ್ಪ ಬೇಕು, ತೂಕ ಬೇಡ. ಚದರ ಮೀಟರಿಗೆ 6 ಮಿಲಿಮೀಟರ್ ಫೋಮ್ ಅರ್ಧ ಕಿಲೋ ಕೂಡ ತೂಗುವುದಿಲ್ಲ. ಅಷ್ಟೇ ದಪ್ಪಕ್ಕೆ ನೀವು ಮ್ಯಾಟ್ ಪೇರಿಸಿದರೆ 8 ಕಿಲೋ ದಾಟುತ್ತದೆ. ಫೋಮಿನ ಅಂಚನ್ನು ಇಳಿಜಾರಾಗಿ ಕೆತ್ತಬೇಕು. ನೇರ ಕತ್ತರಿಸಿ ಬಿಟ್ಟರೆ ಕಲ್ಲು ತಾಗಿದಾಗ ಸರಿಯಾಗಿ ಆ ಗೆರೆಯಲ್ಲೇ ಬಿರಿಯುತ್ತದೆ. ನನ್ನ ರಿಪೇರಿ ಮೇಜಿಗೆ ಬರುವ ಬಿರುಕುಗಳಲ್ಲಿ ಈ ಗೆರೆಯವು ಬಹಳ. ಪಕ್ಕೆಗಳ ಉದ್ದಕ್ಕೂ ಫೋಮಿನ ಸಣ್ಣ ಪಟ್ಟಿ ಇಟ್ಟು ಮೇಲೆ ಬಟ್ಟೆ ಹೊದಿಸಿ ಎಲುಬು ಮಾಡುತ್ತಾರೆ.

ಮೋಲ್ಡಿನಿಂದ ಬಿಡಿಸಿದ ಮೇಲೆ ಮೇಲಂಚನ್ನು ಕೊಯ್ಯಬೇಕು. ಕೆವ್ಲಾರ್ ನಯವಾಗಿ ಕೊಯ್ಸಿಕೊಳ್ಳುವ ಜಾತಿಯಲ್ಲ, ಅಂಚೆಲ್ಲ ಜುಂಗು ಜುಂಗು ಏಳುತ್ತದೆ. ಅಂಚುಪಟ್ಟಿ ಹಾಕಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಆ ಪಟ್ಟಿ ಅಲಂಕಾರಕ್ಕಲ್ಲ ಮತ್ತೆ. ಅದು ಇಲ್ಲದ ಬಾಡಿ ಎತ್ತಿದರೆ ತಿರುಚಿಕೊಳ್ಳುತ್ತದೆ.

ನಿಮ್ಮ ಶೆಡ್ಡಿನಲ್ಲಿ ಮಾಡಬೇಕು ಅಂತಿದ್ದರೆ ಕೆವ್ಲಾರಿಗೆ ಹೋಗಬೇಡಿ. ಮ್ಯಾಟ್ ಬಿಟ್ಟು ನೇಯ್ದ ಗ್ಲಾಸ್ ಬಟ್ಟೆ ತಗೊಳ್ಳಿ, ತಳದಲ್ಲಿ ಫೋಮ್ ಇಡಿ. ಮುಖ್ಯವಾಗಿ ಒಂದು ತಕ್ಕಡಿ ತನ್ನಿ. ಬಟ್ಟೆ ತೂಗಿ, ಅಷ್ಟೇ ರೆಸಿನ್ ತೂಗಿ, ಅದಕ್ಕಿಂತ ಒಂದು ಮಗ್ ಜಾಸ್ತಿ ಕೊಡಬೇಡಿ, ಹುಡುಗರು ಎಷ್ಟೇ ಕೇಳಲಿ. 40ರ ಜಾಗದಲ್ಲಿ 26–27 ಕಿಲೋಗೆ ಬರುತ್ತದೆ. ಮಳೆಗಾಲದಲ್ಲಿ ಬಟ್ಟೆಯ ಸುರುಳಿಯನ್ನು ನೆಲದ ಮೇಲೆ ಇಡಬೇಡಿ, ತೇವ ಎಳೆದ ಬಟ್ಟೆಗೆ ರೆಸಿನ್ ಹಿಡಿಯುವುದಿಲ್ಲ.

ಪ್ರಶ್ನೆ: ಕೆವ್ಲಾರ್ ಅಂದರೆ ಗುಂಡು ತಡೆಯುವ ಜಾಕೆಟ್ಟಿನದು. ಅದರಲ್ಲಿ ಮಾಡಿದ ದೋಣಿ ಕಲ್ಲಿಗೆ ಹೆದರಬೇಕಾ? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು)

ಹೆದರಬೇಕು ಪುಟ್ಟಿ. ಕೆವ್ಲಾರನ್ನು 1965ರಲ್ಲಿ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದರು. ಅವರು ಹುಡುಕುತ್ತಿದ್ದದ್ದು ಟೈರಿನೊಳಗೆ ಹಾಕುವ ಹಗುರ, ಗಟ್ಟಿ ಎಳೆಯನ್ನು. ಜಾಕೆಟ್ ಆಮೇಲೆ ಬಂತು. ಜಾಕೆಟ್ಟಿನಲ್ಲಿ ಹತ್ತಾರು ಪದರ ಬಟ್ಟೆ ಇರುತ್ತದೆ. ಎಳೆಗಳು ಹಿಗ್ಗಿ ಗುಂಡಿನ ರಭಸ ಕುಡಿಯುತ್ತವೆ. ದೋಣಿಯಲ್ಲಿ ಇರುವುದು ಎರಡು ಮೂರು ಪದರ, ಅದೂ ರೆಸಿನ್ನಿನಲ್ಲಿ ಗಟ್ಟಿಯಾದದ್ದು.

ಈ ಎಳೆ ಎಳೆತಕ್ಕೆ ಬಹಳ ಗಟ್ಟಿ, ಒತ್ತಡಕ್ಕೆ ಸೋಲುತ್ತದೆ. ರೆಸಿನ್ನಿನಲ್ಲಿ ಕೂರಿಸಿದ ಮೇಲೆ ಎಳೆತಕ್ಕೆ ಇರುವ ಶಕ್ತಿಯ ಕಾಲು ಭಾಗವೂ ಒತ್ತಡಕ್ಕೆ ಇರುವುದಿಲ್ಲ. ಹೊರಗಿನಿಂದ ಕಲ್ಲು ಗುದ್ದಿದಾಗ ದೋಣಿಯ ಒಳಮೈ ಹಿಗ್ಗುತ್ತದೆ, ಹೊರಮೈ ಒತ್ತಡಕ್ಕೆ ಸಿಗುತ್ತದೆ. ಅದಕ್ಕೆ ಜಾಣ ತಯಾರಕರು ಕೆವ್ಲಾರನ್ನು ಒಳಗೆ, ಗ್ಲಾಸನ್ನು ಹೊರಗೆ ಇಡುತ್ತಾರೆ. ಗ್ಲಾಸ್ ಹೊರಗಿದ್ದರೆ ಗೀಚಿದ ಜಾಗವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ನಯ ಮಾಡಬಹುದು. ಕೆವ್ಲಾರನ್ನು ಉಜ್ಜಿದರೆ ಹಳೆ ಸ್ವೆಟರಿನ ಮೇಲೆ ಏಳುವಂಥ ಜುಂಗು ಎದ್ದು ಇನ್ನೂ ಕೆಡುತ್ತದೆ.

ಕಾರ್ಬನ್ ಬಿಗಿಯಲ್ಲಿ ಇವೆರಡಕ್ಕೂ ಮೇಲು. ಆದರೆ ಹಿಗ್ಗುವ ಗುಣ ಕಡಿಮೆ, ಮಿತಿ ದಾಟಿದರೆ ಪಟ್ ಅಂತ ಮುರಿಯುತ್ತದೆ. ಕೆವ್ಲಾರ್ ದೋಣಿ ಬಿರಿದರೂ ಎಳೆಗಳು ಹಿಡಿದುಕೊಂಡಿರುತ್ತವೆ. ಟೇಪ್ ಸುತ್ತಿ ಮನೆಗೆ ಬರಬಹುದು. ಕೆನಡಾದ ನೋವಾ ಕ್ರಾಫ್ಟ್ ಕಂಪನಿಯವರು ಬಸಾಲ್ಟ್ ಕಲ್ಲಿನ ಎಳೆ ಮತ್ತು ಇನ್ನೆಗ್ರಾ ಅನ್ನುವ ಪಾಲಿಪ್ರೊಪಿಲೀನ್ ಎಳೆ ಸೇರಿಸಿ ನೇಯ್ದ ಬಟ್ಟೆಯಲ್ಲಿ ದೋಣಿ ಮಾಡುತ್ತಾರೆ. ಹಗುರಕ್ಕಿಂತ ಪೆಟ್ಟು ತಿನ್ನುವುದೇ ಅದರ ಗುರಿ. ಮುಂಚೆ ಈ ಕೆಲಸಕ್ಕೆ ರಾಯಲೆಕ್ಸ್ ಅನ್ನುವ ಪ್ಲಾಸ್ಟಿಕ್ ಹಾಳೆ ಇತ್ತು. 2014ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು.

ಪ್ರಶ್ನೆ: ಇಲ್ಲಿ ಅಲ್ಗಾನ್ಕ್ವಿನ್ ಪಾರ್ಕಿನ ಬಳಿ ಬಾಡಿಗೆ ಅಂಗಡಿಯವರು ಸೀಸನ್ ಮುಗಿದ ಮೇಲೆ ಹಳೆ ಕೆವ್ಲಾರ್ ಕನೂಗಳನ್ನು ಮಾರುತ್ತಾರೆ. ತಗೊಳ್ಳಬಹುದಾ? ಏನು ನೋಡಬೇಕು? (ಓದುಗರು, ಮಿಸ್ಸಿಸಾಗಾ, ಕೆನಡಾ)

ತಗೊಳ್ಳಿ. ಹೊಸದು ಕೊಳ್ಳುವವರಿಗಿಂತ ನೀವು ಜಾಣರು. ಮೊದಲ ಗೀಚು ಬಿದ್ದಾಗ ಆಗುವ ಸಂಕಟವನ್ನು ಬೇರೆಯವರೇ ಅನುಭವಿಸಿ ಆಗಿದೆ.

ಹೊರಗಿನ ಗೀಚು ನೋಡಿ ಬೆಚ್ಚಬೇಡಿ. ಬಾಡಿಗೆ ದೋಣಿಯ ತಳ ಗೀಚಿರಲೇಬೇಕು. ಮೊದಲು ಒಳಗೆ ನೋಡಿ. ಒಳಮೈಯಲ್ಲಿ ಬಿಳಿ ಗೆರೆ ಇದ್ದರೆ ಅಲ್ಲಿ ಜೋರು ಪೆಟ್ಟು ಬಿದ್ದು ರೆಸಿನ್ ಬಿರಿದಿದೆ ಅಂತ. ಹೊರಗೆ ಗೀಚು, ಅದೇ ಜಾಗದಲ್ಲಿ ಒಳಗೆ ಬಿಳಿ, ಎರಡೂ ಒಟ್ಟಿಗೆ ಇದ್ದರೆ ಚೌಕಾಸಿ ಮಾಡಿ ಇಲ್ಲವೇ ಬಿಡಿ. ಒಂದು ನಾಣ್ಯ ತಗೊಂಡು ತಳದ ಫೋಮ್ ಭಾಗದ ಮೇಲೆ ಇಂಚಿಂಚಿಗೂ ಮೆಲ್ಲಗೆ ಬಡಿಯಿರಿ. ಟಕ್ ಟಕ್ ಅನ್ನುತ್ತಾ ಹೋಗುವುದು ಇದ್ದಕ್ಕಿದ್ದ ಹಾಗೆ ಡಬ್ ಅಂತ ಮಂಕಾದರೆ ಅಲ್ಲಿ ಬಟ್ಟೆ ಫೋಮಿನಿಂದ ಬಿಟ್ಟುಕೊಂಡಿದೆ. ಕೈಯಗಲ ಇದ್ದರೆ ರಿಪೇರಿ ಆಗುತ್ತದೆ. ತಳದ ಅರ್ಧ ಹಾಗೆ ಕೇಳಿದರೆ ನಮಸ್ಕಾರ ಹೇಳಿ ಹೊರಡಿ.

ಬಣ್ಣ ನೋಡಿ. ಹೊಸ ಕೆವ್ಲಾರ್ ಹಳದಿ ಚಿನ್ನ. ಬಿಸಿಲು ತಿಂದಷ್ಟೂ ಕಂದಾಗುತ್ತದೆ. ಸ್ವಲ್ಪ ಕಂದು ಪರವಾಗಿಲ್ಲ. ಹೊರಮೈ ಒಣಒಣಗಿ, ಕೈ ಸವರಿದರೆ ಎಳೆ ಚುಚ್ಚುವ ಹಾಗಿದ್ದರೆ ಅದನ್ನು ವರ್ಷಗಟ್ಟಲೆ ಬಿಸಿಲಿಗೆ ಒಗೆದಿದ್ದಾರೆ ಅಂತ ಅರ್ಥ. ಆಮೇಲೆ ದೋಣಿಯ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ಅಂಚುಪಟ್ಟಿಯ ಗೆರೆ ನೋಡಿ, ನೇರ ಇರಬೇಕು. ಸೀಟು ನೇತುಹಾಕಿದ ಬೋಲ್ಟುಗಳನ್ನು ಅಲ್ಲಾಡಿಸಿ. ತೂಗುವ ಯಂತ್ರ ಜೊತೆಗೇ ಒಯ್ಯಿರಿ. ಹೊಸದರಲ್ಲಿ 42 ಪೌಂಡ್ ಇದ್ದದ್ದು ಈಗ 50 ತೂಗಿದರೆ, ಮಧ್ಯೆ ಯಾರೋ ಧಾರಾಳವಾಗಿ ರೆಸಿನ್ ಬಳಿದು ರಿಪೇರಿ ಮಾಡಿದ್ದಾರೆ, ಇಲ್ಲವೇ ಫೋಮಿನೊಳಗೆ ನೀರು ಸೇರಿದೆ.

ಕೊಂಡ ಮೇಲೆ ಒಂದೇ ಅಭ್ಯಾಸ ಕಲಿಯಿರಿ. ದಡಕ್ಕೆ ದೋಣಿಯನ್ನು ಗುದ್ದಿಸಬೇಡಿ. ಮೊಣಕಾಲು ಮಟ್ಟದ ನೀರಿನಲ್ಲಿ ದೋಣಿ ಇನ್ನೂ ತೇಲುತ್ತಿರುವಾಗಲೇ ಇಳಿಯಿರಿ, ಸಾಮಾನು ಇಳಿಸಿ, ಆಮೇಲೆ ಎತ್ತಿ ಒಯ್ಯಿರಿ. ಶೂ ಒದ್ದೆ ಆಗುತ್ತದೆ. ಆಗಲಿ ಬಿಡಿ. ದಡದಲ್ಲಿ ಇಟ್ಟಾಗ ಮರಕ್ಕೆ ಕಟ್ಟಿ. 19 ಕಿಲೋ ದೋಣಿಯನ್ನು ಗಾಳಿ ಎತ್ತಿಕೊಂಡು ಹೋಗಿ ಬಂಡೆಗೆ ಬಡಿಯುವುದು ಕಥೆಯಲ್ಲ. ಅಂಥ ದೋಣಿಗಳಿಂದಲೇ ನನ್ನ ಸಂಪಾದನೆ ನಡೆಯುತ್ತಿದೆ.

ಪ್ರಶ್ನೆ: ಶರಾವತಿ ಹಿನ್ನೀರಿನ ಪಕ್ಕ ನಮ್ಮ ತೋಟ ಇದೆ. ಅಮೆರಿಕದಲ್ಲಿರುವ ಅಳಿಯ ಕೆವ್ಲಾರ್ ಕನೂ ಕಳಿಸ್ತೀನಿ ಅಂತಾನೆ. ತರಿಸಲೇ? (ಓದುಗರು, ಸಾಗರ ತಾಲ್ಲೂಕು)

ಅಳಿಯಂದಿರ ಪ್ರೀತಿ ದೊಡ್ಡದು, ಆದರೆ ಬೇಡ ಅನ್ನಿ. ಹದಿನೆಂಟು ಅಡಿಯ ಪೆಟ್ಟಿಗೆ ಹಡಗಿನಲ್ಲಿ ಬರುವ ಖರ್ಚು ಒಂದು ಕಡೆ ಇರಲಿ. ನಿಮಗೆ ಆ ಹಗುರ ಯಾತಕ್ಕೆ? ತೋಟದ ಅಂಚಿನಿಂದ ನೀರಿಗೆ ಇಳಿಸಿ ಮತ್ತೆ ಅಲ್ಲಿಗೇ ಎಳೆಯುವುದು ತಾನೇ? ಹೊತ್ತು ದಾಟುವ ಪೋರ್ಟೇಜ್ ನಿಮ್ಮಲ್ಲಿ ಇಲ್ಲ. ಜೊತೆಗೆ ಲಿಂಗನಮಕ್ಕಿಯಲ್ಲಿ ನೀರು ಇಳಿದಾಗ ಮುಳುಗಡೆಯಾದ ಮರಗಳ ಬೊಡ್ಡೆ ತಲೆ ಎತ್ತುತ್ತವೆ. ಕೆಲವು ನೀರಿನ ಮಟ್ಟಕ್ಕೆ ಸರಿಯಾಗಿ ಅಡಗಿರುತ್ತವೆ. ಅರ್ಧ ಮಿಲಿಮೀಟರಿನ ಪಕ್ಕೆಗೆ ಅಂಥ ಬೊಡ್ಡೆಯ ಮೊನೆ ಒಳ್ಳೆಯ ಜೊತೆಯಲ್ಲ.

ಮೇಲೆ ಮಲ್ಪೆಯವರಿಗೆ ಬರೆದಿದ್ದೇನಲ್ಲ, ಆ ಥರ ನೇಯ್ದ ಗ್ಲಾಸ್ ಬಟ್ಟೆಯ 26–27 ಕಿಲೋ ದೋಣಿ ನಿಮಗೆ ಬೇಕಾದಷ್ಟಾಯಿತು. ಇಬ್ಬರು ಸಲೀಸಾಗಿ ಎತ್ತಬಹುದು. ಕರಾವಳಿಯ ಯಾವುದಾದರೂ ಫೈಬರ್ ಶೆಡ್ಡಿನಲ್ಲಿ ಮಾಡಿಸಿ, ಕೆಟ್ಟರೆ ಅಲ್ಲೇ ರಿಪೇರಿಯೂ ಆಗುತ್ತದೆ. ಉದ್ದ 15–16 ಅಡಿ ಸಾಕು. ತಳಕ್ಕೆ, ಎರಡೂ ಮೂತಿಗೆ ಒಂದು ಪದರ ಜಾಸ್ತಿ ಹಾಕಲು ಹೇಳಿ. ಎರಡೂ ತುದಿಯಲ್ಲಿ ಗಾಳಿ ತುಂಬಿದ ಮುಚ್ಚಿದ ಖಾನೆ ಇರಲೇಬೇಕು. ಮಗುಚಿದರೂ ದೋಣಿ ತೇಲುವುದು ಅದರಿಂದ. ಇಡುವುದು ಬೋರಲಾಗಿ, ನೆಲದಿಂದ ಎತ್ತರಕ್ಕೆ, ಅಡಿಕೆ ದಬ್ಬೆಯ ಎರಡು ಅಡ್ಡೆಯ ಮೇಲೆ, ನೆರಳಿನಲ್ಲಿ. ಅಳಿಯನಿಗೆ ಅಷ್ಟು ಆಸೆ ಇದ್ದರೆ ಎರಡು ಒಳ್ಳೆಯ ಹುಟ್ಟು, ಮನೆಯ ಪ್ರತಿಯೊಬ್ಬರಿಗೂ ಅವರವರ ಅಳತೆಯ ಲೈಫ್ ಜಾಕೆಟ್ ಕಳಿಸಲಿ. ಅವು ಸೂಟ್‌ಕೇಸಿನಲ್ಲೇ ಬರುತ್ತವೆ. ನಡುವೆ ಬಿಚ್ಚಿ ಎರಡು ತುಂಡು ಮಾಡುವಂಥ ಹುಟ್ಟು ಕೇಳಿ.